ಜಮಖಂಡಿಯ ವಕೀಲರು
(ಬಾನುಲಿ ಭಾಷಣ)



ನಮ್ಮ ರಾಜ್ಯದ ಮುಖ್ಯಮಂತ್ರಿಗಳ ನಾಮಾವಳಿಯನ್ನು ಮೊದಲಿನಿಂದ ಓದುತ್ತ ಬಂದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಜವಾಬ್ದಾರಿ ಸರಕಾರವನ್ನು ರಚಿಸಿದ ಕೆ. ಸಿ. ರೆಡ್ಡಿಯವರು ಮೊದಲ್ಗೊಂಡು, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ ಇವರನ್ನು ಹಾದು, 1971ರಲ್ಲಿ ಅಧಿಕಾರ ಬಿಟ್ಟ ವೀರೇಂದ್ರ ಪಾಟೀಲರವರೆಗೆ, ಆ ಪೀಠವನ್ನೇರಿದ ಏಳು ಮಂದಿಯೂ ಕಾನೂನು ಓದಿದವರು. ಅವರಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ರಾಜಧಾನಿಗಳಲ್ಲಲ್ಲ, ಹಳ್ಳಿಗಳಲ್ಲಿ ಮತ್ತು ಸಣ್ಣ ಊರುಗಳಲ್ಲಿ. ಇದು ಕೇವಲ ಕಾಕತಾಳೀಯವೆಂದು ತಳ್ಳಿಹಾಕತಕ್ಕ ಮಾತಲ್ಲ.

ಸ್ವಾತಂತ್ರ್ಯಪೂರ್ವದ ಒಂದು ತಾಲ್ಲೂಕು ಕೇಂದ್ರವನ್ನು ಊಹಿಸಿಕೊಳ್ಳಿರಿ. ಅಲ್ಲಿ ಸರಕಾರದ ಭಾಷೆಯನ್ನು ಬಲ್ಲವರು ಇದ್ದರು, ಆದರೆ ಅವರು ಬಹುಪಾಲು ಸರಕಾರದ ಸಂಬಳಗಾರರು. ಮಾಮಲೇದಾರನ ಕಚೇರಿಯ ಗುಮಾಸ್ತನಾಗಲಿ ಶಾಲೆಯ ಮಾಸ್ತರನಾಗಲಿ ಒಂದು ಸಭೆಯಲ್ಲಿ ನಿಂತು ಎರಡು ಮಾತು ಹೆಚ್ಚಾಗಿ ಆಡಿದರೆ ಮರುದಿನ ಅವನ ಮನೆಯ ಒಲೆ ಉರಿಯುವುದು ಸಂದೇಹ. ಸ್ವತಂತ್ರವಾದ ಆಸ್ತಿಯುಳ್ಳ ಜಮೀನುದಾರರು ಇದ್ದರು, ಆದರೆ ಅವರಿಗೆ ಇದ್ದ ವ್ಯವಸ್ಥೆ ಇದ್ದಂತೆಯೇ ಇರುವುದರಲ್ಲಿ ಹಿತ. ಕಾಯಿದೆಯ ಪುಸ್ತಕವನ್ನು ಓದಬಲ್ಲ, ಅಧಿಕಾರಿಯ ಎದುರಿನಲ್ಲಿ ತಲೆಯೆತ್ತಿ ಮಾತನಾಡಬಲ್ಲ, ಹತ್ತೂರಿನ ರೈತರು ಹೆಸರು ಹಿಡಿದು ಹುಡುಕಿಕೊಂಡು ಬರುವಂಥ, ಆದರೂ ಯಾರ ಸಂಬಳವನ್ನೂ ತಿನ್ನದಿದ್ದ ಮನುಷ್ಯನೆಂದರೆ ವಕೀಲನೊಬ್ಬನೇ. ಸಾರ್ವಜನಿಕ ಜೀವನಕ್ಕೆ ಬೇಕಾದ ವಿದ್ಯೆ, ಪರಿಚಯ, ಸ್ವಾತಂತ್ರ್ಯ ಈ ಮೂರೂ ಒಬ್ಬನಲ್ಲಿ ಸೇರಿದ್ದರಿಂದ, ನಾಡು ತನ್ನ ಪ್ರತಿನಿಧಿಗಳನ್ನು ಹುಡುಕಿದಾಗ ಅದರ ಕೈ ಸಹಜವಾಗಿಯೇ ಕರಿಯ ಕೋಟಿನವರ ಮೇಲೆ ಬಿದ್ದಿತು.

ಆ ಏಳು ಮಂದಿಯಲ್ಲಿ ಒಬ್ಬರ ವೃತ್ತಾಂತವನ್ನು ಈ ದಿನ ಹೇಳಬೇಕೆಂದಿದ್ದೇನೆ. ಅವರು ಬಸಪ್ಪ ದಾನಪ್ಪ ಜತ್ತಿಯವರು. ಅವರು ಭಾರತದ ಉಪರಾಷ್ಟ್ರಪತಿಗಳಾಗಿದ್ದರು, ಕೆಲವು ತಿಂಗಳು ರಾಷ್ಟ್ರಪತಿಯ ಕಾರ್ಯಭಾರವನ್ನೂ ನಿರ್ವಹಿಸಿದರು ಎಂಬುದು ಪಠ್ಯಪುಸ್ತಕಗಳು ಹೇಳುವ ಮಾತು. ನನಗೆ ಮುಖ್ಯವಾಗಿ ತೋರುವುದು ಅವರು ಏರಿದ ಎತ್ತರವಲ್ಲ. ಏರಿದ ಮೆಟ್ಟಿಲುಗಳಿಂದ ಅವರು ಹಲವು ಸಲ ಇಳಿದು ಬಂದರು, ಹಾಗೆ ಇಳಿದಾಗಲೆಲ್ಲ ಮಾಡಲು ಕೈಯಲ್ಲಿ ಒಂದು ಕೆಲಸವನ್ನಿಟ್ಟುಕೊಂಡಿದ್ದರು ಎಂಬುದು.

ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿಯ ಬಳಿಯ ಸಾವಳಗಿಯಲ್ಲಿ, ಕಿರಾಣಿ ವ್ಯಾಪಾರದ ಒಂದು ಸಾಧಾರಣ ಕುಟುಂಬದಲ್ಲಿ. ಜಮಖಂಡಿಯು ಆಗ ಪಟವರ್ಧನ ಮನೆತನದವರು ಆಳುತ್ತಿದ್ದ ಒಂದು ಚಿಕ್ಕ ಸಂಸ್ಥಾನ. ಆಳುವವರ ಮನೆಮಾತು ಮರಾಠಿ, ಉಳುವವರ ಮನೆಮಾತು ಕನ್ನಡ. ಉಚ್ಚಶಿಕ್ಷಣವೆಂದರೆ ಆ ಭಾಗದ ಹುಡುಗರಿಗೆ ಕೊಲ್ಲಾಪುರವೇ ಹತ್ತಿರದ ಕಾಶಿ. ಜತ್ತಿಯವರು ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಓದಿ, ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನಿನ ಪದವಿಯನ್ನು ಪಡೆದು, ಜಮಖಂಡಿಗೆ ಮರಳಿ ವಕೀಲಿಯನ್ನು ಆರಂಭಿಸಿದರು.

ಸಣ್ಣ ಊರಿನ ವಕೀಲಿ ಎಂಬುದು ಹೈಕೋರ್ಟಿನ ವಕೀಲಿಯಂತಲ್ಲ. ಅಲ್ಲಿ ಸಂವಿಧಾನದ ಸೂಕ್ಷ್ಮಗಳ ಮೇಲೆ ದಿನಗಟ್ಟಲೆ ವಾದ ನಡೆಯುವುದಿಲ್ಲ. ಬದುವಿನ ಮೇಲಿನ ಒಂದು ಬೇವಿನ ಮರ ಯಾರದು, ಅಣ್ಣತಮ್ಮಂದಿರ ವಾಟ್ನಿಯಲ್ಲಿ ಬಾವಿಯ ಪಾಳಿ ಎಷ್ಟೆಷ್ಟು ದಿನ, ಕೈಗಡದ ಚೀಟಿಯ ಮೇಲಿನ ಹೆಬ್ಬೆಟ್ಟಿನ ಗುರುತು ನಿಜವೋ ಸುಳ್ಳೋ, ಇಂಥವೇ ಖಟ್ಲೆಗಳು. ಸಂತೆಯ ದಿನ ಪಕ್ಷಕಾರ ಬರುತ್ತಾನೆ. ಧೋತರದ ಚುಂಗಿನಲ್ಲಿ ಕಟ್ಟಿ ತಂದ ಕಾಗದಗಳನ್ನು ವಕೀಲರ ಮುಂದೆ ಬಿಚ್ಚಿಡುತ್ತಾನೆ. ಅವುಗಳಲ್ಲಿ ಬೇಕಾದ ಕಾಗದ ಒಂದಾದರೆ ಬೇಡವಾದವು ಹತ್ತು. ವಕೀಲರು ಹತ್ತನ್ನೂ ಓದಬೇಕು, ಅವನ ಅಜ್ಜನ ಕಾಲದಿಂದ ಕಥೆಯನ್ನು ಕೇಳಬೇಕು, ಕಡೆಯಲ್ಲಿ ಎರಡು ವಾಕ್ಯದಲ್ಲಿ ಅವನ ನ್ಯಾಯ ಏನೆಂಬುದನ್ನು ಬರೆಯಬೇಕು. ಫೀಜಿನಲ್ಲಿ ಅರ್ಧ ಈಗ, ಉಳಿದದ್ದು ಸುಗ್ಗಿಯಾದ ಮೇಲೆ.

ಈ ಕಸುಬು ಕಲಿಸುವ ಪಾಠಗಳು ಎರಡು. ಒಂದು, ಎದುರು ಪಕ್ಷದ ಕಾಗದವನ್ನು ತನ್ನ ಕಾಗದಕ್ಕಿಂತ ಹೆಚ್ಚು ಲಕ್ಷ್ಯದಿಂದ ಓದಬೇಕೆಂಬುದು. ಇನ್ನೊಂದು, ತೀರ್ಪು ಹೊರಬಿದ್ದ ಮೇಲೆ ಸೋಲನ್ನು ಮನೆಗೆ ಹೊತ್ತುಕೊಂಡು ಹೋಗಬಾರದೆಂಬುದು. ಕೋರ್ಟು ಹತ್ತಿದವರ ವಿಷಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಜನ ಆಡಿಕೊಳ್ಳುವುದುಂಟು. ಆದರೆ ಆ ಮಾತು ಪಕ್ಷಕಾರರಿಗೆ ಅನ್ವಯಿಸುವುದೇ ಹೊರತು ವಕೀಲರಿಗಲ್ಲ. ಮಧ್ಯಾಹ್ನದವರೆಗೆ ಒಬ್ಬರನ್ನೊಬ್ಬರು ಮಾತಿನಲ್ಲಿ ಹಣಿದ ಇಬ್ಬರು ವಕೀಲರು ಸಂಜೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ಕಂಡು ಹಳ್ಳಿಯವರು ಬೆರಗಾಗುತ್ತಾರೆ, ಒಮ್ಮೊಮ್ಮೆ ಸಂಶಯವನ್ನೂ ಪಡುತ್ತಾರೆ. ಸಂಶಯಕ್ಕೆ ಆಸ್ಪದವಿರುವ ಸಂದರ್ಭಗಳೂ ಇಲ್ಲದಿಲ್ಲ. ಆದರೂ, ವಿರೋಧಕ್ಕೂ ವೈರಕ್ಕೂ ಇರುವ ಭೇದವನ್ನು ನಿತ್ಯವೂ ಅಭ್ಯಾಸ ಮಾಡಿಸುವ ಇನ್ನೊಂದು ವೃತ್ತಿಯನ್ನು ನಾನು ಕಾಣೆ.

1940ರಲ್ಲಿ ಜತ್ತಿಯವರು ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ, ಮಂತ್ರಿಯಾಗಿ, 1948ರಲ್ಲಿ ದಿವಾನರೇ ಆದರು. ಕಿರಾಣಿ ಅಂಗಡಿಯ ಮನೆಯ ಮಗ ಮೂವತ್ತಾರು ತುಂಬುವ ಮೊದಲೇ ಸಂಸ್ಥಾನದ ದಿವಾನಗಿರಿಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಆ ದಿವಾನಗಿರಿಯ ಮುಖ್ಯ ಕರ್ತವ್ಯವೇ ಸಂಸ್ಥಾನವನ್ನು ಭಾರತದಲ್ಲಿ ಲೀನಗೊಳಿಸುವುದು. ಸಂಸ್ಥಾನಾಧಿಪತಿಗಳಾದ ಶಂಕರರಾವ ಪಟವರ್ಧನರೊಡನೆ ಸೌಹಾರ್ದವನ್ನು ಕಾಪಾಡಿಕೊಂಡು ಜತ್ತಿಯವರು ಆ ಕಾರ್ಯವನ್ನು ನೆರವೇರಿಸಿದರು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತಕ್ಕೆ ಸೇರಿತು. ಸಂಸ್ಥಾನವು ಇಲ್ಲವಾದುದರಿಂದ ದಿವಾನರೂ ಇಲ್ಲವಾದರು. ಗೆದ್ದರೆ ತನ್ನ ಹುದ್ದೆಯೇ ಹೋಗುವಂಥ ದಾವೆಯನ್ನು ಮನಃಪೂರ್ವಕವಾಗಿ ನಡೆಸಿ ಗೆದ್ದ ವಕೀಲರು ಇತಿಹಾಸದಲ್ಲಿ ಬಹಳ ಮಂದಿ ಇರಲಾರರು.

ಆಮೇಲೆ ಅವರು ಮಾಡಿದ್ದೇನು? ಮತ್ತೆ ಕರಿಯ ಕೋಟನ್ನು ತೊಟ್ಟು ಕೋರ್ಟಿಗೆ ಹೋದರು. ಸುಮಾರು ಇಪ್ಪತ್ತು ತಿಂಗಳ ಕಾಲ, ಹಿಂದಿನ ದಿವಾನರು ಜಮಖಂಡಿಯಲ್ಲಿ ವಕೀಲಿಯನ್ನೇ ಮಾಡುತ್ತಿದ್ದರು. ಅನಂತರ, ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿಯ ವಿಧಾನಸಭೆಗೆ ನಾಮನಿರ್ದೇಶನ ಮಾಡಲಾಯಿತು. ಒಂದು ವಾರ ಕಳೆಯುವುದರೊಳಗೆ ಮುಖ್ಯಮಂತ್ರಿ ಬಿ. ಜಿ. ಖೇರರು ಅವರನ್ನು ತಮ್ಮ ಸಂಸದೀಯ ಕಾರ್ಯದರ್ಶಿಯನ್ನಾಗಿ ತೆಗೆದುಕೊಂಡರು. ಖೇರರು ತಾವೂ ಸಾಲಿಸಿಟರ್ ವೃತ್ತಿಯಿಂದ ಬಂದವರಾದುದರಿಂದ, ಕಾಗದ ಓದಬಲ್ಲ ಮನುಷ್ಯನನ್ನು ಗುರುತಿಸುವುದು ಅವರಿಗೆ ಕಷ್ಟವಾಗಿರಲಾರದು. 1952ರ ಚುನಾವಣೆಯ ತರುವಾಯ, ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿಗಳಾದಾಗ, ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಶಾಖೆಗಳ ಉಪಮಂತ್ರಿಗಳಾಗಿ, ರಾಜ್ಯಗಳ ಪುನರ್ವಿಂಗಡಣೆಯವರೆಗೆ ಆ ಸ್ಥಾನದಲ್ಲಿದ್ದರು. ದಿವಾನರಾಗಿದ್ದವರು ಉಪಮಂತ್ರಿ ಪದವಿಯನ್ನು ಒಪ್ಪಿಕೊಂಡದ್ದನ್ನೂ ಇಲ್ಲಿ ಗಮನಿಸಬೇಕು.

1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯವು ನಕ್ಷೆಯಲ್ಲಿ ಒಂದಾದರೂ ಕಾಯಿದೆಯಲ್ಲಿ ಐದಾಗಿತ್ತು. ಹಳೆಯ ಮೈಸೂರಿನ ಗೇಣಿ ಕಾಯಿದೆ ಒಂದು, ಮುಂಬಯಿ ಕರ್ನಾಟಕದ್ದು ಇನ್ನೊಂದು, ಹೈದರಾಬಾದಿನ ಭಾಗದ್ದು ಮತ್ತೊಂದು, ದಕ್ಷಿಣ ಕನ್ನಡದಲ್ಲಿ ಮದರಾಸಿನ ಕಟ್ಟಲೆ, ಕೊಡಗಿನಲ್ಲಿ ಕೊಡಗಿನ ಪದ್ಧತಿ. ಧಾರವಾಡದ ಕಡೆ ಗೇಣಿದಾರನಿಗೆ ಇದ್ದ ರಕ್ಷಣೆ ತುಂಗಭದ್ರೆಯ ಈಚೆ ದಡದವನಿಗೆ ಇರಲಿಲ್ಲ. ಈ ಐದನ್ನೂ ಒಂದುಗೂಡಿಸುವುದು ಹೇಗೆಂದು ವಿಚಾರಮಾಡಲು 1957ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷತೆ ಜತ್ತಿಯವರ ಪಾಲಿಗೆ ಬಂದಿತು. ಮರುವರ್ಷ, 1958ರ ಮೇ 16ರಂದು, ನಿಜಲಿಂಗಪ್ಪನವರು ಪಕ್ಷದ ಒಳಗಿನ ವಿರೋಧದಿಂದ ಅಧಿಕಾರ ಬಿಟ್ಟಾಗ, ಜತ್ತಿಯವರೇ ಮುಖ್ಯಮಂತ್ರಿಗಳಾದರು. ಸಮಿತಿಯಲ್ಲಿ ಬರೆದುದನ್ನು ಸದನದಲ್ಲಿ ಸಾಧಿಸಬೇಕಾದ ಹೊಣೆಯೂ ಅವರ ಮೇಲೆಯೇ ಬಿದ್ದಿತು. 1961ರ ಮೈಸೂರು ಭೂಸುಧಾರಣಾ ಕಾಯಿದೆಯು ಅದರ ಫಲ. ಅದು ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ರಂದು. ಅಷ್ಟು ಹೊತ್ತಿಗೆ ಜತ್ತಿಯವರು ಮುಖ್ಯಮಂತ್ರಿಗಳಾಗಿ ಉಳಿದಿರಲಿಲ್ಲ.

ಅವರ ಕಾಲದಲ್ಲಿಯೇ ಆದ ಬೇರೆ ಎರಡು ಕಾಯಿದೆಗಳನ್ನು ಹೆಸರಿಸಬೇಕು. 1959ರ ಗ್ರಾಮಪಂಚಾಯಿತಿ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆಯು ಜನರಿಂದ ಚುನಾಯಿತವಾದ ತಾಲ್ಲೂಕು ಮಂಡಲಿಗಳನ್ನು ಹುಟ್ಟಿಸಿತು. ಪುರಸಭೆಯ ಬಾಗಿಲಿನಿಂದ ರಾಜಕಾರಣಕ್ಕೆ ಬಂದವರ ಕಾಲದಲ್ಲಿ ಇಂಥದೊಂದು ಕಾಯಿದೆಯಾದದ್ದು ಉಚಿತವೇ ಆಗಿದೆ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಾದರೋ, ವಂಶಪಾರಂಪರ್ಯವಾಗಿ ನಡೆದುಬಂದಿದ್ದ ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆಗಳಿಗೆ ಕೊನೆ ಹಾಡಿತು. ಆ ಸೇವೆಗಳಿಗೆಂದು ಬಿಟ್ಟಿದ್ದ ಜಮೀನುಗಳು ಸರಕಾರಕ್ಕೆ ಹಿಂತಿರುಗಿ, ಅಲ್ಲಿಂದ ಆಯಾ ಮನೆತನದವರಿಗೆ ಕಾನೂನಿನ ಕಟ್ಟುಪಾಡಿಗೊಳಪಟ್ಟು ಮರುಮಂಜೂರಾದವು.

ಇವೆಲ್ಲ ಅರವತ್ತು ವರ್ಷದ ಹಿಂದಿನ ಹಳೆಯ ಕಡತಗಳು, ಇಂದಿನವರಿಗೆ ಇವುಗಳಿಂದ ಏನು ಎಂದು ಕೇಳುವವರು ನಾನು ವಾಸವಾಗಿರುವ, ಬೆಂಗಳೂರಿನ ಸುಂಕದಕಟ್ಟೆಗೆ ಒಂದು ಸಲ ಬರಬೇಕು. ಮಾಗಡಿ ರಸ್ತೆಯ ಮೇಲಣ ಈ ಊರು ಒಂದು ಕಾಲಕ್ಕೆ ರಾಗಿ ಬೆಳೆಯುವ ಹಳ್ಳಿಯಾಗಿದ್ದು, ಈಗ ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸಿಗೂ ಹೋಗಿಬರುವ ಕೆಲಸಗಾರರ ಮನೆಗಳಿಂದ ಇಡಿಕಿರಿದಿದೆ. ಬಾಗಲಕೋಟೆ, ಜಮಖಂಡಿ, ರಾಯಚೂರುಗಳಿಂದ ಬಂದವರ ಮಾತು ಇಲ್ಲಿಯ ಬೀದಿಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಅವರಲ್ಲೊಬ್ಬ, ಹದಿನೈದು ವರ್ಷ ದುಡಿದು ಕೂಡಿಟ್ಟ ಹಣದಿಂದ ಮೂವತ್ತು-ನಲವತ್ತರ ಒಂದು ಸೈಟನ್ನೋ ಅದರ ಅರ್ಧವನ್ನೋ ಕೊಳ್ಳಬೇಕೆಂದು, ಜೆರಾಕ್ಸ್ ಅಂಗಡಿಯ ಮೇಲಣ ಸಣ್ಣ ಕೋಣೆಯಲ್ಲಿ ಕೂತ ವಕೀಲರ ಬಳಿಗೆ ಹೋಗುತ್ತಾನೆನ್ನಿ. ವಕೀಲರು ಮಾರುವವನ ಮುಖವನ್ನು ನೋಡುವುದಿಲ್ಲ. ಮೂಲಪತ್ರ ತನ್ನಿ, ಹಳೆಯ ಪಹಣಿ ತನ್ನಿ, ಇ.ಸಿ. ತೆಗೆಸಿ ಎನ್ನುತ್ತಾರೆ. ಪಹಣಿಯ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವುತ್ತ ಹೋಗಿ ಒಂದು ಕಡೆ ಬೆರಳು ನಿಲ್ಲಿಸಿ, “ಇದು ತಳವಾರಿಕೆ ಇನಾಮ್ತಿ ಜಮೀನಲ್ಲವೇನಪ್ಪಾ, ಮರುಮಂಜೂರಾತಿ ಆರ್ಡರು ಎಲ್ಲಿ?” ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ದೊರೆತರೆ ಇವನು ಮನೆ ಕಟ್ಟಬಹುದು. ದೊರೆಯದಿದ್ದರೆ ಮುಂಗಡ ಕೊಟ್ಟ ಹಣಕ್ಕೆ ಎಳ್ಳುನೀರು. ಜಮಖಂಡಿಯ ವಕೀಲರೊಬ್ಬರ ಆಡಳಿತದಲ್ಲಿ ಅಂಗೀಕೃತವಾದ ಕಾಯಿದೆಯ ಒಂದು ಕಲಮು, ಅದೇ ಜಮಖಂಡಿಯ ಕಡೆಯಿಂದ ಬಂದ ಕೂಲಿಗಾರನೊಬ್ಬನ ಸೂರನ್ನು ಸುಂಕದಕಟ್ಟೆಯಲ್ಲಿ ಇಂದಿಗೂ ನಿರ್ಣಯಿಸುತ್ತಿದೆ. ಶಾಸಕನ ಭಾಷಣ ಆಡಿದ ದಿನವೇ ಮುಗಿಯುತ್ತದೆ; ಅವನು ಕೈಯೆತ್ತಿ ಒಪ್ಪಿದ ಕಲಮು ಮೊಮ್ಮಕ್ಕಳ ಕಾಲದವರೆಗೆ ಕೆಲಸ ಮಾಡುತ್ತಿರುತ್ತದೆ.

1962ರ ಚುನಾವಣೆಗೆ ಬರೋಣ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಹುಮತ ಗಳಿಸಿತಾದರೂ, ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ತಾವೇ ಸೋತರು. ಜತ್ತಿಯವರು ಜಮಖಂಡಿಯಲ್ಲಿ ಗೆದ್ದರು. ಆದರೆ ಶಾಸಕಾಂಗ ಪಕ್ಷದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅದುವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ, ಹುನಗುಂದದ ಪ್ರತಿನಿಧಿಗಳಾದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ಮೂರು ತಿಂಗಳಿಗೆ ತುಸು ಮೇಲ್ಪಟ್ಟು ಆಳಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ವಿಧಾನಸಭೆಗೆ ಬಂದ ಕೂಡಲೆ, ಜೂನ್ ತಿಂಗಳಲ್ಲಿ ಅವರಿಗೆ ಸ್ಥಾನವನ್ನು ಬಿಟ್ಟುಕೊಟ್ಟು, ಅವರದೇ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ಕುಳಿತರು. ಕಂಠಿಯವರನ್ನು ಭರತನಿಗೆ ಹೋಲಿಸಿ ಹೊಗಳುವುದು ವಾಡಿಕೆ. ಆದರೆ ಭರತನು ಸಿಂಹಾಸನವನ್ನು ಏರಲಿಲ್ಲ, ಕಂಠಿಯವರು ಏರಿ ಇಳಿದರು. ಏರದೆ ಇರುವುದಕ್ಕಿಂತ ಏರಿ ಇಳಿಯುವುದು ಕಷ್ಟ. ಇನ್ನು ಜತ್ತಿಯವರು, ನಾಲ್ಕು ವರ್ಷಕ್ಕೆ ಸಮೀಪ ಮುಖ್ಯಮಂತ್ರಿಗಳಾಗಿದ್ದವರು, ಅದೇ ವರ್ಷದ ಜುಲೈಯಲ್ಲಿ ನಿಜಲಿಂಗಪ್ಪನವರ ಕೆಳಗೆ ಹಣಕಾಸಿನ ಮಂತ್ರಿಗಳಾದರು. 1965ರಲ್ಲಿ ಆಹಾರ ಖಾತೆಯನ್ನು ವಹಿಸಿಕೊಂಡರು.

ಒಂದೇ ಮಂತ್ರಿಮಂಡಲದಲ್ಲಿ ಒಬ್ಬ ಮುಖ್ಯಮಂತ್ರಿ, ಇಬ್ಬರು ಮಾಜಿ ಮುಖ್ಯಮಂತ್ರಿಗಳು. ಮೂವರೂ ಕಾನೂನು ಓದಿದವರು. ಈ ಮೂವರ ನಡುವೆ ಸ್ಪರ್ಧೆ ಇರಲಿಲ್ಲವೆಂದಾಗಲಿ, ಬಣಗಳ ಕಸುವು ಕೆಲಸ ಮಾಡಲಿಲ್ಲವೆಂದಾಗಲಿ ನಾನು ಹೇಳಲಾರೆ. 1958ರಿಂದ 1962ರವರೆಗಿನ ನಮ್ಮ ರಾಜಕಾರಣವೆಲ್ಲ ಆ ಸ್ಪರ್ಧೆಯದೇ ಚರಿತ್ರೆ. ಅವರು ತ್ಯಾಗಮೂರ್ತಿಗಳೆಂದು ಪೂಜೆ ಮಾಡಬೇಕಾಗಿಯೂ ಇಲ್ಲ. ಆದರೆ ಸೋತ ಮೇಲೆ ಸದನವನ್ನು ಬಿಟ್ಟು ಓಡದೆ, ಗೆದ್ದವನ ಪಕ್ಕದಲ್ಲಿ ಕುಳಿತು ಅವನ ಲೆಕ್ಕಪತ್ರವನ್ನು ಬರೆದುಕೊಡುವ ಮನಃಸ್ಥಿತಿ ಎಲ್ಲಿಂದ ಬಂದಿತೆಂದು ಯೋಚಿಸಿದರೆ, ತಾಲ್ಲೂಕು ಕೋರ್ಟಿನ ಬಾರ್ ರೂಮು ನೆನಪಾಗದೆ ಹೋಗುವುದಿಲ್ಲ.

ಮುಂದಿನದು ರಾಜ್ಯದ ಹೊರಗಿನ ಅಧ್ಯಾಯ. 1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ, ಆ ಕಾರ್ಯಭಾರ ಜತ್ತಿಯವರಿಗೆ ಬಂದಿತು. ಮಾರ್ಚ್ 24ರಂದು ಹೊಸ ಪ್ರಧಾನಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಬೇಕಾಯಿತು. ಆ ಪ್ರಧಾನಮಂತ್ರಿಗಳು ಮೊರಾರ್ಜಿ ದೇಸಾಯಿಯವರು. ಒಂದು ಕಾಲಕ್ಕೆ ತಮ್ಮ ಸಂಪುಟದಲ್ಲಿ ಉಪಮಂತ್ರಿಯಾಗಿದ್ದವರ ಮುಂದೆ ನಿಂತು ಮೊರಾರ್ಜಿಯವರು ಪ್ರಮಾಣ ಸ್ವೀಕರಿಸಿದರು.

ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಒಂದು ಇಕ್ಕಟ್ಟು ತಲೆದೋರಿತು. ಲೋಕಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ನೆಲಕಚ್ಚಿದ್ದ ಒಂಬತ್ತು ರಾಜ್ಯಗಳಲ್ಲಿ ಅದೇ ಪಕ್ಷದ ಸರಕಾರಗಳು ಮುಂದುವರಿಯುವುದು ಯುಕ್ತವಲ್ಲವೆಂದು, ಅಲ್ಲಿಯ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಕೇಂದ್ರದ ಮಂತ್ರಿಮಂಡಲ ನಿರ್ಧರಿಸಿತು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಮರಳಿದವು. ಕಡತ ಜತ್ತಿಯವರ ಮೇಜಿಗೆ ಬಂದಿತು. ಅವರು ಒಡನೆಯೇ ಅಂಕಿತ ಹಾಕಲಿಲ್ಲ. ಆಲೋಚನೆಗೆ ಕಾಲಾವಕಾಶವನ್ನು ತೆಗೆದುಕೊಂಡರು. ದೆಹಲಿಯಲ್ಲಿ ಗದ್ದಲವೆದ್ದಿತು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂದು ಹಿಂದಿನ ವರ್ಷದ ನಲವತ್ತೆರಡನೆಯ ತಿದ್ದುಪಡಿಯು ಸ್ಪಷ್ಟಪಡಿಸಿದ್ದ ಮೇಲೆ, ಹಂಗಾಮಿಯಾಗಿ ಕುಳಿತವರು ಯೋಚಿಸುವುದೇನಿದೆ ಎಂದು ಟೀಕಿಸಿದವರ ವಾದದಲ್ಲಿ ಬಲವಿರದೆ ಇರಲಿಲ್ಲ. ಏಪ್ರಿಲ್ 30ರಂದು ಅವರು ಅಂಕಿತ ಹಾಕಿದರು. ವಾಯಿದೆ ಕೇಳುವುದು ವಕೀಲರ ಹುಟ್ಟುಗುಣವೆಂದು ನಗಬಹುದು. ಒಂಬತ್ತು ಶಾಸನಸಭೆಗಳನ್ನು ಒಂದು ರುಜುವಿನಿಂದ ಅಳಿಸುವ ಕಾಗದವನ್ನು ಓದದೆ ರುಜು ಮಾಡಲು ಪುರಸಭೆಯಿಂದ ಮೊದಲುಮಾಡಿ ಶಾಸನಸಭೆಗಳಲ್ಲಿಯೇ ಬೆಳೆದ ಮನುಷ್ಯನಿಗೆ ಕೈ ಬರಲಿಲ್ಲವೆಂದೂ ಹೇಳಬಹುದು. ನಾನು ಎರಡನೆಯದನ್ನು ಹೇಳುವವನು, ಮೊದಲನೆಯದನ್ನು ಅಲ್ಲಗಳೆಯುವವನಲ್ಲ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದಾಗ, ಜತ್ತಿಯವರು ತಮ್ಮ ಉಪರಾಷ್ಟ್ರಪತಿಯ ಸ್ಥಾನಕ್ಕೆ ಹಿಂತಿರುಗಿ, 1979ರಲ್ಲಿ ಅವಧಿ ತುಂಬುವವರೆಗೆ ಅಲ್ಲಿದ್ದರು. ಆಮೇಲೆ ಬೆಂಗಳೂರಿಗೆ ಬಂದು, 1964ರಲ್ಲಿ ಸ್ಥಾಪಿತವಾಗಿದ್ದ ಬಸವ ಸಮಿತಿಯ ಮೂಲಕ ವಚನಸಾಹಿತ್ಯ ಪ್ರಸಾರದ ಕೆಲಸವನ್ನು ಮುಂದುವರಿಸಿದರು. 2002ರ ಜೂನ್ 7ರಂದು ಅವರು ತೀರಿಕೊಂಡರು.

ವಕೀಲರ ಆಡಳಿತದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 1961ರ ಭೂಸುಧಾರಣೆ, ವಕೀಲರು ಬರೆದ ಕಾಯಿದೆಗಳ ಗುಣವನ್ನೂ ದೋಷವನ್ನೂ ಒಟ್ಟಿಗೆ ಪಡೆದಿತ್ತು. ಎರಡು ಪಕ್ಷಗಳ ವಾದವನ್ನೂ ಕೇಳಿ ಬರೆದದ್ದರಿಂದ ಅದರಲ್ಲಿ ಗೇಣಿದಾರನಿಗೆ ಭದ್ರತೆಯೂ ಇತ್ತು, ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶ ಒಡೆಯನಿಗೂ ಇತ್ತು. ಅಂಥ ಅವಕಾಶವಿದ್ದ ಕಡೆ ಖಟ್ಲೆ ಹುಟ್ಟುತ್ತದೆ, ಖಟ್ಲೆ ಹುಟ್ಟಿದ ಕಡೆ ಹಣವಿದ್ದವನು ಹೆಚ್ಚು ಕಾಲ ನಿಲ್ಲುತ್ತಾನೆ. ಈ ಮಾಲೆಯಲ್ಲಿ ಮೊತ್ತಮೊದಲಿಗೆ ವಕೀಲರಲ್ಲದ ಮುಖ್ಯಮಂತ್ರಿಗಳಾಗಿ ಬಂದ ದೇವರಾಜ ಅರಸರು 1974ರಲ್ಲಿ ಆ ಕಾಯಿದೆಯನ್ನು ತಿದ್ದಿ, ಗೇಣಿಯ ಭೂಮಿಯನ್ನೆಲ್ಲ ಸರಕಾರಕ್ಕೆ ವಹಿಸಿ, ತಾಲ್ಲೂಕು ತಾಲ್ಲೂಕಿಗೆ ಭೂನ್ಯಾಯಮಂಡಳಿಗಳನ್ನು ನೇಮಿಸಿದಾಗ, ಆ ಮಂಡಳಿಗಳ ಮುಂದೆ ವಕೀಲರು ಹಾಜರಾಗಕೂಡದೆಂದೇ ವಿಧಿಸಿದರು. ಉಳುವವನು ತನ್ನ ಬಾಯಿಂದಲೇ ತನ್ನ ಕಥೆಯನ್ನು ಹೇಳಲಿ ಎಂಬುದು ಅದರ ಆಶಯ. ಕರಿಯ ಕೋಟಿನವರ ಸುದೀರ್ಘ ಆಳ್ವಿಕೆಗೆ ಇದಕ್ಕಿಂತ ಖಾರವಾದ ವಿಮರ್ಶೆಯನ್ನು ಯಾವ ವಿರೋಧಪಕ್ಷವೂ ಬರೆದದ್ದಿಲ್ಲ, ಮತ್ತು ಆ ವಿಮರ್ಶೆ ನ್ಯಾಯವಾದದ್ದೇ.

ಹಾಗಾದರೆ ಆ ವೃತ್ತಿಯಿಂದ ನಮ್ಮ ಪ್ರಜಾಪ್ರಭುತ್ವಕ್ಕೆ ದೊರೆತ ಲಾಭವೇನು? ಶಾಸಕರೆಲ್ಲರೂ ವಕೀಲರಾಗಬೇಕೆಂದು ನಾನು ಹೇಳುತ್ತಿಲ್ಲ. ರೈತನೋ ನೇಕಾರನೋ ಮಾಸ್ತರನೋ ವೈದ್ಯನೋ ಆಗಿದ್ದರೂ ಆದೀತು. ಬೇಕಾದುದು ಮರಳಿ ಹೋಗಲು ಒಂದು ಕಸುಬು. ಜಮಖಂಡಿಯ ದಿವಾನಗಿರಿ ಹೋದ ದಿನ ಜತ್ತಿಯವರಿಗೆ ಅನ್ನದ ಚಿಂತೆಯಾಗಲಿಲ್ಲ. ಆದುದರಿಂದಲೇ ದಿವಾನಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ವಿಲೀನಕ್ಕೆ ಅಡ್ಡಿಯಾಗಬೇಕಾಗಲಿಲ್ಲ. ಅಧಿಕಾರವಲ್ಲದೆ ಬೇರೆ ಜೀವನೋಪಾಯವಿಲ್ಲದವನಿಗೆ ಪ್ರತಿಯೊಂದು ಚುನಾವಣೆಯೂ ಪ್ರಾಣಸಂಕಟ, ಪ್ರತಿಯೊಬ್ಬ ಎದುರಾಳಿಯೂ ಶತ್ರು. ಅವನ ಭಯದ ಬೆಲೆಯನ್ನು ತೆರುವವರು ನಾವು. ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು, ಗೆದ್ದರೆ ಏನು ಮಾಡಿಕೊಡುವಿರಿ ಎಂದು ನಾವೆಲ್ಲರೂ ಕೇಳುತ್ತೇವೆ. ಸೋತರೆ ಮರುದಿನ ಬೆಳಗ್ಗೆ ಯಾವ ಕೆಲಸಕ್ಕೆ ಹೋಗುವಿರಿ ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಕೇಳುವುದನ್ನು ರೂಢಿಮಾಡಿಕೊಂಡರೆ, ನಮ್ಮ ಶಾಸನಸಭೆಗಳ ನಡವಳಿಕೆಯಲ್ಲಿ ಸುಧಾರಣೆ ಕಂಡೀತೆಂಬುದು ನನ್ನ ನಂಬಿಕೆ.